ರೊಟ್ಟಿ ಅಟ್ಟಕ್ಕೆ ಹಿಡಿದ ಬೂಷ್ಟು

ನಮ್ಮ ಕಡೆ ಬೂಷ್ಟು ಎಂದರೆ ಯಾರೂ ನಂಬುವುದಿಲ್ಲ. ಸುರಪುರದ ಬಿಸಿಲಿಗೆ ಹಿಂಡದೆ ಹರವಿದ ಲುಂಗಿ ಕೂಡ ನೀವು ಚಹಾ ಕುಡಿದು ಬರುವಷ್ಟರಲ್ಲಿ ಹಪ್ಪಳವಾಗಿರುತ್ತದೆ. ಹಾಗಾಗಿ ದೀಪಾವಳಿ ಮುಗಿದ ವಾರ ರೊಟ್ಟಿ ಅಕ್ಕ ಫೋನ್ ಮಾಡಿ ಅಟ್ಟಕ್ಕೆ ಬೂಷ್ಟು ಹಿಡಿದಿದೆ, ಬಂದು ನೋಡು ಎಂದಾಗ ನಾನು ರೇಡಿಯೋದಲ್ಲಿ ರೈತರಿಗೆ ಸಲಹೆ ಕೊಡುವವರ ದನಿ ತೆಗೆದು, "ರೈತ ಬಾಂಧವರೇ, ಬೂಷ್ಟು ರೋಗದ ಲಕ್ಷಣಗಳು ಹೀಗಿವೆ" ಎಂದು ಶುರು ಮಾಡಿದೆ. ಆ ದನಿಗೆ ನಗದವರನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಕ್ಕ ನಗಲಿಲ್ಲ. ಫೋನ್ ಇಟ್ಟುಬಿಟ್ಟಳು.

ನಾನು ಬಣ್ಣ ಹಚ್ಚುವವನು. ಮಾಳಿಗೆ ಸೋರಿದರೆ ಅದನ್ನು ನಿಲ್ಲಿಸುವವನು. ಗೌಂಡಿ ಕಾಕಾನ ಕೈಕೆಳಗೆ ಕೆಲಸ. ಉಳಿದ ಹೊತ್ತು ಊರಿನವರ ದನಿ ಕದಿಯುವುದು. ಹುಣಸಗಿ ಬಸ್ಸಿನ ಕಂಡಕ್ಟರನ ಹಾಗೆ "ಒಳಗ ಸರೀರಿ, ಒಳಗ ಜಾಗ ಅದ" ಎಂದು ನಾನು ಚಹಾದಂಗಡಿಯಲ್ಲಿ ಕೂತು ಕೂಗಿದರೆ ಬಸ್ ನಿಲ್ದಾಣದಲ್ಲಿ ನಾಲ್ಕು ಜನ ಎದ್ದು ಚೀಲ ಎತ್ತಿಕೊಳ್ಳುತ್ತಾರೆ. ಗೌಂಡಿ ಕಾಕಾ ಕೆಮ್ಮಿ, ಉಗುಳಿ, ಆಮೇಲೆ ಬೈಯುವುದನ್ನು ಅದೇ ಕ್ರಮದಲ್ಲಿ ಮಾಡಿ ತೋರಿಸುತ್ತೇನೆ. ನನ್ನದೇ ದನಿ ಯಾವುದು ಎಂದು ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತದೆ.

ರೊಟ್ಟಿ ಅಕ್ಕನ ಮನೆ ಗುಡ್ಡದ ಬುಡದಲ್ಲಿದೆ. ಕಲ್ಲಿನ ಗೋಡೆ, ಮರದ ತೊಲೆ, ಅದರ ಮೇಲೆ ಜಂತಿ, ಹಲಗೆ, ಎಲ್ಲದರ ಮೇಲೆ ಮಣ್ಣಿನ ಮಾಳಿಗೆ. ಅಡುಗೆಮನೆಗೆ ಹೊಂದಿದ ಕೋಣೆಯ ಮೇಲೆ ಅಟ್ಟ. ಅಟ್ಟದ ಮೇಲೆ ನಿಲ್ಲಲು ಆಗುವುದಿಲ್ಲ, ಮಂಡಿಯೂರಿ ಹೋಗಬೇಕು. ಅಡುಗೆಮನೆಯ ಕಡೆಗೆ ಅಟ್ಟಕ್ಕೆ ಗೋಡೆಯೇ ಇಲ್ಲ, ಬಯಲು. ಒಲೆಯ ಕಾವು ಅಲ್ಲಿಗೆ ಏರಲಿ ಎಂದೇ ಹಿಂದಿನವರು ಹಾಗೆ ಕಟ್ಟಿದ್ದರು. ಅಕ್ಕ ಮತ್ತು ಓಣಿಯ ಮೂವರು ಹೆಂಗಸರು ಬೆಳಗಿನ ಜಾವದಿಂದ ರೊಟ್ಟಿ ಬಡಿಯುತ್ತಾರೆ. ಒಲೆಯ ಸುತ್ತ ನಿಲ್ಲಿಸಿ ಖಡಕ್ ಆದ ರೊಟ್ಟಿ ಬಿಳಿ ಬಟ್ಟೆ ಹಾಸಿದ ಬುಟ್ಟಿಗೆ, ಬುಟ್ಟಿ ಅಟ್ಟಕ್ಕೆ. ಅಲ್ಲಿಂದ ವಾರಕ್ಕೆರಡು ಸಲ ಶಹಾಪುರದ ಒಂದು ಖಾನಾವಳಿಗೆ ಬಸ್ಸಿನಲ್ಲಿ ಹೋಗುತ್ತದೆ. ಅಕ್ಕನ ಅತ್ತೆಯನ್ನು ಎಲ್ಲರೂ ಆಯಿ ಎನ್ನುತ್ತಾರೆ. ಆಯಿಯ ಕೆಲಸ ಕಂಬಕ್ಕೆ ಒರಗಿ ಕೂತು ಎಲ್ಲರ ಕೆಲಸದಲ್ಲಿ ತಪ್ಪು ಹುಡುಕುವುದು. ಆ ಕೆಲಸವನ್ನು ಅವಳಷ್ಟು ಶ್ರದ್ಧೆಯಿಂದ ಮಾಡುವವರು ತಾಲೂಕು ಕಚೇರಿಯಲ್ಲಿಯೂ ಇಲ್ಲ.

ಆ ಮನೆ ನನಗೆ ಹೊಸದಲ್ಲ. ಹಿಂದಿನ ಬೇಸಿಗೆಯಲ್ಲಿ ಅಕ್ಕ ಕಟ್ಟಿಗೆ ಒಲೆ ತೆಗೆಸಿ ಗ್ಯಾಸಿನ ಮೂರು ದೊಡ್ಡ ಒಲೆ ಹಾಕಿಸಿದ್ದಳು. ಹೊಗೆಯೇ ಇಲ್ಲ ಅಂದಮೇಲೆ ಮಾಳಿಗೆಯ ಬೆಳಕಿಂಡಿ ಯಾಕೆ? ಗುಡ್ಡದ ಮಂಗಗಳು ಆ ಕಿಂಡಿಯಿಂದ ಅಟ್ಟಕ್ಕೆ ಇಳಿದು ರೊಟ್ಟಿ ಹೊತ್ತೊಯ್ಯುತ್ತಿದ್ದವು. ಮುಚ್ಚಿಬಿಡು ಎಂದಳು. ಕಾಕಾ ಆಗ ಕೊಡೇಕಲ್ಲಿನಲ್ಲಿ ಬೇರೆ ಕೆಲಸದಲ್ಲಿದ್ದ. ನಾನೊಬ್ಬನೇ ಮುಚ್ಚಿದೆ. ಕಬ್ಬಿಣದ ಜಾಲಿ, ಇಟ್ಟಿಗೆ ಚೂರು, ಮೇಲೆ ನಾಲ್ಕು ಬೆರಳು ಕಾಂಕ್ರೀಟು, ಅದರ ಮೇಲೆ ನೀರು ತಡೆಯುವ ಬಿಳಿ ಬಣ್ಣ ಎರಡು ಸಲ. ಹಸಿ ಸಿಮೆಂಟಿನ ಮೇಲೆ ಮೊಳೆಯಿಂದ ನನ್ನ ಹೆಸರಿನ ಮೊದಲ ಅಕ್ಷರವನ್ನೂ ಗೀಚಿದೆ. ಒಬ್ಬನೇ ಮಾಡಿದ ಮೊದಲ ಕೆಲಸವಲ್ಲವೇ. ಕೆಳಗಿಳಿದು ಬಂದು, ದೊಡ್ಡ ಗುತ್ತೇದಾರರ ಹಾಗೆ ಸೊಂಟಕ್ಕೆ ಕೈಯಿಟ್ಟು, "ಇನ್ನ ಮಂಗ್ಯಾ ಅಲ್ಲ, ಇರುವಿ ಸುದ್ದಾ ಒಳಗ ಬರಂಗಿಲ್ರೀ ಅಕ್ಕಾರ" ಎಂದೆ. ಅಕ್ಕನಿಗೆ ಖುಷಿಯಾಯಿತು. ಕಂಬದ ಬುಡದಿಂದ ಆಯಿ ಮಾತ್ರ, ತನ್ನ ಗಡಿಯಾರ ಮುಚ್ಚಿಬಿಟ್ಟೆ ಎಂದು ಗೊಣಗಿದಳು. ಕಿಂಡಿಯ ಬಿಸಿಲು ಗೋಡೆಯ ಯಾವ ಕಲ್ಲಿಗೆ ಬಂತು ಎಂದು ನೋಡಿಯೇ ಅವಳು ಹೊತ್ತು ಹೇಳುತ್ತಿದ್ದಳು. ನಾನು ಆಯಿಯ ಗೊಣಗಾಟವನ್ನು ಅಲ್ಲೇ ಅಣಕಿಸಿ ತೋರಿಸಿದೆ. ಎಲ್ಲರೂ ನಕ್ಕರು.

ಈಗ ಆ ಅಟ್ಟಕ್ಕೆ ಬ್ಯಾಟರಿ ಹಿಡಿದು ಹತ್ತಿದೆ. ಮೂಗಿಗೆ ಮೊದಲು ಬಂದದ್ದು ಮುಗ್ಗಿದ ವಾಸನೆ. ಜಂತಿಗಳ ನಡುವೆ ಕಪ್ಪು ಚುಕ್ಕೆ, ಮೂಲೆಯಲ್ಲಿ ಹತ್ತಿ ಅಂಟಿಸಿದ ಹಾಗೆ ಬಿಳಿ, ಎರಡು ಹಲಗೆಯ ಮೇಲೆ ಹಸಿರು ಪುಡಿ. ಬೆರಳಿಂದ ಒತ್ತಿದರೆ ಆ ಎರಡೂ ನೆನೆಸಿದ ಅವಲಕ್ಕಿಯಂತೆ ಮೆತ್ತಗಿದ್ದವು. ಕೆಳಗೆ ಅಕ್ಕ ಒಂದು ರೊಟ್ಟಿ ಹಿಡಿದು ನಿಂತಿದ್ದಳು. ಶಹಾಪುರದಿಂದ ಒಂದು ಬುಟ್ಟಿ ವಾಪಸ್ ಬಂದಿತ್ತು. ರೊಟ್ಟಿಯ ನಡುವೆ ನೀಲಿಹಸಿರು ಮಚ್ಚೆ, ಅಂಚೆ ಕಚೇರಿಯ ಮುದ್ರೆಯ ಹಾಗೆ ದುಂಡಗೆ.

ಖಾನಾವಳಿಯ ಸಾಹುಕಾರ ಜಗಳ ಆಡಿರಲಿಲ್ಲವಂತೆ. ಅದೇ ಅಕ್ಕನಿಗೆ ಹೆಚ್ಚು ಚುಚ್ಚಿತ್ತು. ಎಳ್ಳಮಾಸಿಗೆ, ಎಂದರೆ ಎಳ್ಳ ಅಮಾವಾಸ್ಯೆಗೆ, ಅವನ ಆರ್ಡರ್ ದೊಡ್ಡದು. ಹೊಲಕ್ಕೆ ಎಡೆಯ ಚರಗ ಚೆಲ್ಲಲು ಹೋಗುವ ಅರ್ಧ ಶಹಾಪುರ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಈಗ ಅವನಲ್ಲೇ ಕೊಳ್ಳುತ್ತದೆ. ಇನ್ನೊಂದು ಸಲ ಹೀಗಾದರೆ ಬೇರೆ ಕಡೆ ನೋಡಿಕೊಳ್ಳುತ್ತೇನೆ ಎಂದು ಮೆಲ್ಲಗೆ ಹೇಳಿದ್ದನಂತೆ. ಅಕ್ಕನ ರೊಟ್ಟಿ ಹೋಯಿತು ಎಂದರೆ ಆ ಮೂವರು ಹೆಂಗಸರೂ ಹತ್ತಿ ಬಿಡಿಸಲು ಹೊಲಕ್ಕೆ ಹೋಗಬೇಕು. ಅದನ್ನು ಅಕ್ಕ ಹೇಳಲಿಲ್ಲ. ಅವರು ಹಿಟ್ಟು ನಾದುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು.

ಕಾಕಾನನ್ನು ಕರೆದುಕೊಂಡು ಬಂದೆ. ಅವನು ಮಾಳಿಗೆ ಹತ್ತಿ, ಎರಡು ಕಡೆ ಕಾಲಿಂದ ಗುದ್ದಿ, ಕೆಮ್ಮಿ, ಉಗುಳಿ, ತೀರ್ಪು ಕೊಟ್ಟ.

"ನೀರು ಮ್ಯಾಲಿಂದ ಕೆಳಗ ಬರತದ, ಕೆಳಗಿಂದ ಮ್ಯಾಲ ಹೋಗಂಗಿಲ್ಲ. ಇಷ್ಟು ತಿಳದ್ರ ನೀ ಗೌಂಡಿ."

ಮಾಳಿಗೆ ಬಿರುಕು ಬಿಟ್ಟು ಮಳೆನೀರು ಇಳಿದಿದೆ ಎನ್ನುವುದು ಅವನ ಲೆಕ್ಕ. ನನಗೂ ಸರಿ ಅನ್ನಿಸಿತು. ಮೇಲಿನ ಬಿರುಕುಗಳನ್ನು ಅಗೆದು ತುಂಬಿದೆವು. ಇಡೀ ಮಾಳಿಗೆಗೆ ನೀರು ತಡೆಯುವ ಬಣ್ಣ ಹಚ್ಚಿದೆವು. ಅಟ್ಟದ ಒಳಗೆ ಕೆಲಸ ನನ್ನದು. ಅಲ್ಲಿ ನಾನು ಮಾಡಿದ ಘನಕಾರ್ಯವನ್ನು ಇಲ್ಲಿ ಬರೆಯದೆ ಬಿಟ್ಟರೆ ಆ ಹೆಂಗಸರು ನನ್ನನ್ನು ಬಿಡುವುದಿಲ್ಲ. ಒಣಗಿದ ಬೂಷ್ಟನ್ನು ಒಣಗಿದ ತಂತಿ ಬ್ರಷ್ಷಿನಿಂದ ಉಜ್ಜಿದೆ. ಹಸಿರು ಪುಡಿ ಎದ್ದು, ಅಟ್ಟ ತುಂಬಿ, ಬಯಲಾದ ಆ ಅಂಚಿನಿಂದ ಅಡುಗೆಮನೆಗೆ ಇಳಿದು, ಅಂದಿನ ಹಿಟ್ಟಿನ ಮೇಲೆಲ್ಲ ಕೂತಿತು. ಒಂದು ದಿನದ ಹಿಟ್ಟು ದನದ ಮುಂದೆ ಹೋಯಿತು. ನಾಲ್ವರೂ ಹೆಂಗಸರು ಸಂಜೆಯ ತನಕ ಸೀನಿದರು. ಆಯಿ ಸೀನಲಿಲ್ಲ, ಸೀನುವ ಹೊತ್ತನ್ನೂ ನನಗೆ ಬೈಯುವುದಕ್ಕೇ ಕೊಟ್ಟಳು.

ಆಮೇಲೆ ಬ್ಲೀಚಿಂಗ್ ಪುಡಿಯ ನೀರು ಹೊಡೆದು, ಸುಣ್ಣ ಬಳಿದು, ಅಟ್ಟವನ್ನು ಮದುವೆ ಮನೆಯಂತೆ ಬೆಳ್ಳಗೆ ಮಾಡಿ ಕೊಟ್ಟೆವು. ಅಕ್ಕ ಬುಟ್ಟಿಗಳನ್ನು ಮತ್ತೆ ಮೇಲಿಟ್ಟಳು. ಹೊಸ ಬುಟ್ಟಿಗಳು ಶಹಾಪುರಕ್ಕೆ ಹೋದವು. ಎರಡು ವಾರ ಸುದ್ದಿ ಇರಲಿಲ್ಲ. ನಾನು ಊರೆಲ್ಲ ಸುತ್ತಿ, ಬೂಷ್ಟಿಗೂ ನನಗೂ ನಡೆದ ಯುದ್ಧವನ್ನು ಎರಡೂ ಕಡೆಯ ದನಿಯಲ್ಲಿ ಹೇಳಿದೆ.

ಮೂರನೆಯ ವಾರ ಬೂಷ್ಟು ವಾಪಸ್ ಬಂತು. ಬಿಳಿ ಸುಣ್ಣದ ಮೇಲೆ ಕಪ್ಪು ಚುಕ್ಕೆ ಮೊದಲಿಗಿಂತ ಚೆನ್ನಾಗಿ ಕಾಣುತ್ತಿತ್ತು. ಪುಣ್ಯಕ್ಕೆ ಅಕ್ಕ ತಾನೇ ನೋಡಿ, ಆ ವಾರದ ಬುಟ್ಟಿ ಕಳಿಸದೆ ನಿಲ್ಲಿಸಿದ್ದಳು. ಕಾಕಾ ಇನ್ನೊಂದು ಸಲ ಮಾಳಿಗೆಗೆ ಬಣ್ಣ ಹಚ್ಚೋಣ ಎಂದ. ನನಗೆ ಅಲ್ಲಿ ಮೊದಲ ಸಲ ತಲೆ ಕೆಟ್ಟಿತು. ನಾವು ಮಾಳಿಗೆ ಮುಗಿಸಿದ ಮೇಲೆ ಆಕಾಶದಿಂದ ಒಂದು ಹನಿ ಬಿದ್ದಿರಲಿಲ್ಲ. ಚಳಿ ಬಿದ್ದಿತ್ತು, ಮಳೆಯಲ್ಲ. ಬೀಳದ ಮಳೆ ಸೋರುವುದು ಹೇಗೆ?

ಆ ದಿನ ಮನೆಗೆ ನಡೆಯುತ್ತ ದಾರಿಯುದ್ದಕ್ಕೂ ಯೋಚಿಸಿದೆ. ಎರಡು ವರ್ಷದ ಹಿಂದೆ ಒಂದು ಬಣ್ಣದ ಕಂಪನಿಯವರು ನಮ್ಮಂಥ ಪೇಂಟರುಗಳನ್ನೆಲ್ಲ ಯಾದಗಿರಿಗೆ ಕರೆಸಿ ಒಂದು ದಿನದ ತರಬೇತಿ ಕೊಟ್ಟಿದ್ದರು. ಊಟ ಚೆನ್ನಾಗಿತ್ತು ಎನ್ನುವುದನ್ನು ಬಿಟ್ಟರೆ ಪಾಠ ಏನೂ ನೆನಪಿರಲಿಲ್ಲ. ಆದರೆ ಪಾಠ ಮಾಡಿದವರ ದನಿ ನೆನಪಿತ್ತು. ಮೂಗಿನಲ್ಲಿ ಮಾತಾಡುತ್ತ, ಪ್ರತಿ ಮಾತಿಗೂ "ಫ್ರೆಂಡ್ಸ್" ಎನ್ನುತ್ತಿದ್ದರು. ನಾನು ಕೇಳಿದ್ದನ್ನು ಮರೆಯುತ್ತೇನೆ, ಅಣಕಿಸಿದ್ದನ್ನು ಮರೆಯುವುದಿಲ್ಲ. ದಾರಿಯಲ್ಲೇ ನಿಂತು ಮೂಗು ಹಿಡಿದು ಅವರಂತೆ ಮಾತಾಡಲು ಶುರು ಮಾಡಿದೆ. ಎಮ್ಮೆ ಹೊಡೆದುಕೊಂಡು ಹೊರಟಿದ್ದವನೊಬ್ಬ ನಿಂತು ನೋಡಿದ. ನನ್ನ ಬಾಯಿಂದ ಬಂತು: ಫ್ರೆಂಡ್ಸ್, ತೇವ ಗೋಡೆಯ ಒಳಗಿಂದ ಬರ್ತಿದೆಯೋ, ಕೋಣೆಯ ಗಾಳಿಯಿಂದ ಬರ್ತಿದೆಯೋ ಗೊತ್ತಾಗಬೇಕಾದ್ರೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿ, ಫ್ರೆಂಡ್ಸ್.

ಮರುದಿನ ಸಂಜೆ ಅಟ್ಟದ ತಲೆಯ ಮೇಲಿನ ಹಲಗೆಗಳಿಗೆ, ಒರೆಸಿ ಒಣಗಿಸಿ, ಅಂಗೈ ಅಗಲದ ಪ್ಲಾಸ್ಟಿಕ್ ಚೌಕ ನಾಲ್ಕು ಕಡೆ ಅಂಟಿಸಿದೆ. ನಾಲ್ಕೂ ಅಂಚಿಗೆ ಟೇಪು, ಗಾಳಿ ಆಡದ ಹಾಗೆ. ಪ್ಲಾಸ್ಟಿಕ್ಕಿನ ಹಿಂದೆ, ಹಲಗೆಯ ಕಡೆ ಹನಿ ಕೂತರೆ ಕಾಕಾ ಗೆದ್ದ, ನೀರು ಮಾಳಿಗೆಯದು. ಕೆಳಮುಖದ ಮೇಲೆ ಹನಿ ಕೂತರೆ ನೀರು ಮನೆಯದು. ಒಂದು ಸ್ಟೀಲ್ ತಟ್ಟೆಯಲ್ಲಿ ಒಂದು ಹಿಡಿ ಹರಳು ಉಪ್ಪನ್ನೂ ಇಟ್ಟೆ. ಅದು ತರಬೇತಿಯದಲ್ಲ, ನನ್ನ ಅವ್ವನದು. ಗಾಳಿಯಲ್ಲಿ ನೀರಿದ್ದರೆ ಉಪ್ಪು ಬೆವರುತ್ತದೆ.

ಹೆಂಗಸರು ಕೆಲಸ ಶುರು ಮಾಡಿ ಒಂದು ತಾಸಾದ ಮೇಲೆ, ಬೆಳಕು ಹರಿಯುವ ಹೊತ್ತಿಗೆ ಅಟ್ಟ ಹತ್ತಿದೆ. ಮೇಲೆ ಹೋದ ಕೂಡಲೆ ಮುಖಕ್ಕೆ ಬೆಚ್ಚಗೆ ಒದ್ದೆ ಗಾಳಿ ತಗುಲಿತು. ಬೆನ್ನ ಮೇಲೆ ಮಲಗಿ ಬ್ಯಾಟರಿ ಹಾಕಿದೆ. ನಾಲ್ಕೂ ಚೌಕದ ಕೆಳಮುಖದಲ್ಲಿ ಹನಿ, ಸಾಸಿವೆ ಚೆಲ್ಲಿದ ಹಾಗೆ. ಹಿಂದೆ ಒಣ ಹಲಗೆ. ಉಪ್ಪು ಗಂಜಿಯಾಗಿತ್ತು. ಹನಿ ಎಲ್ಲಕ್ಕಿಂತ ದಪ್ಪಗಿದ್ದದ್ದು ಒಂದು ಜಾಗದಲ್ಲಿ. ಅಲ್ಲಿ ಹಲಗೆ ಇರಲಿಲ್ಲ, ಸಿಮೆಂಟಿತ್ತು. ನೀರು ಅದರ ಅಂಚಿನಿಂದ ಜಾರಿ ಪಕ್ಕದ ಜಂತಿಗೆ ಇಳಿಯುತ್ತಿತ್ತು. ನಾನು ಮುಚ್ಚಿದ ಕಿಂಡಿ. ಅದರ ಆಚೆ ಮಗ್ಗುಲಲ್ಲಿ, ಆಕಾಶದ ಕಡೆ, ನನ್ನ ಅಕ್ಷರ.

ಮಲಗಿದಲ್ಲಿಂದಲೇ ತಲೆ ಹೊರಳಿಸಿ ಕೆಳಗೆ ನೋಡಿದೆ. ಒಂದು ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಉಳಿದೆರಡು ಒಲೆಯಲ್ಲಿ, ಹಂಚಿನ ಮೇಲಿನ ಪ್ರತಿ ರೊಟ್ಟಿಗೂ ಒದ್ದೆ ಬಟ್ಟೆಯಿಂದ ನೀರು ಸವರುತ್ತಿದ್ದರು. ಸವರಿದ ನೀರೆಲ್ಲ ಚುಸ್ ಎಂದು ಹಬೆಯಾಗಿ ಮೇಲಕ್ಕೇ ಬರುತ್ತಿತ್ತು. ಕಟ್ಟಿಗೆ ಒಲೆಯ ಕಾಲದಲ್ಲಿ ಹೊಗೆಯ ಜೊತೆ ಈ ಹಬೆಯೂ ಕಿಂಡಿಯಿಂದ ಆಚೆ ಹೋಗುತ್ತಿತ್ತು. ಹೊಗೆ ಜಂತಿಯನ್ನೂ ರೊಟ್ಟಿಯನ್ನೂ ಕಾಯುತ್ತಿತ್ತು. ಈಗ ಹೊಗೆ ಇಲ್ಲ, ಕಿಂಡಿ ಇಲ್ಲ, ಹಬೆ ಮಾತ್ರ ಇದೆ. ಅದು ಮೇಲೆ ಬಂದು, ತಣ್ಣಗಿನ ಮಾಳಿಗೆ ಮುಟ್ಟಿ, ಮತ್ತೆ ನೀರಾಗುತ್ತಿದೆ. ಮಾಳಿಗೆಯ ಮೇಲೆ ನಾವು ಹಚ್ಚಿದ ಬಣ್ಣ ಇದ್ದಬದ್ದ ಉಸಿರನ್ನೂ ಕಟ್ಟಿತ್ತು. ಇರುವೆ ಸಹ ಒಳಗೆ ಬರುವುದಿಲ್ಲ ಎಂದಿದ್ದೆ. ಖರೆ. ಹಬೆ ಸಹ ಹೊರಗೆ ಹೋಗುವುದಿಲ್ಲ ಎನ್ನುವುದನ್ನು ಹೇಳಿರಲಿಲ್ಲ.

ಸುಳ್ಳು ಹೇಳಲು ದಾರಿಗಳು ಬೇಕಾದಷ್ಟಿದ್ದವು. ಮರ ಹಳೆಯದು ಎನ್ನಬಹುದಿತ್ತು. ತಪ್ಪನ್ನು ಗ್ಯಾಸಿನ ಮೇಲೆ ಹಾಕಬಹುದಿತ್ತು. ಹೊಸ ನಮೂನೆಯ ಗಾಳಿಗೂಡು ಬಂದಿದೆ, ಹಾಕಿಸಿಕೊಳ್ಳಿ ಎಂದು ಆ ಮೂಗಿನ ದನಿಯಲ್ಲಿ ಹೇಳಿ, ಕಿಂಡಿ ಒಡೆದು, ಹೊಗಳಿಸಿಕೊಂಡು ಹೋಗಬಹುದಿತ್ತು. ಕಾಕಾ ಆಗಲೇ ಮಳೆಯ ಮೇಲೆ ಹಾಕಿದ್ದ. ಅವನ ಹಿಂದೆ ನಿಂತರೆ ಸಾಕಿತ್ತು. ಆದರೆ ಸುಳ್ಳು ಕಾರಣ ಹೇಳಿದರೆ ಅಕ್ಕ ಸುಳ್ಳು ಜಾಗವನ್ನೇ ಕಾಯುತ್ತ ಕೂರುತ್ತಾಳೆ, ಮುಂದಿನ ಚಳಿಗೆ ಯಾರಾದರೂ ಮಂಗನಿಗೆ ಹೆದರಿ ಆ ಕಿಂಡಿಯನ್ನು ಮತ್ತೆ ಮುಚ್ಚುತ್ತಾರೆ. ಏಣಿ ಇಳಿದೆ.

"ಅಕ್ಕಾರ, ಮಾಳಿಗಿ ಸೋರಿಲ್ಲ. ನಿಮ್ಮ ರೊಟ್ಟಿ ಹಬಿ ಹೊರಗ ಹೋಗಾಕ ದಾರಿ ಇಲ್ಲ. ಆ ದಾರಿ ಮುಚ್ಚಿದಾಂವ ನಾನು. ಬುಟ್ಟಿ ಕೆಟ್ಟದ್ದು ನನ್ನಿಂದ."

ಬಡಿಯುವ ಸದ್ದು ನಿಂತಿತು. ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಇದು ಯಾರ ದನಿ ತಮ್ಮಾ?"

"ನಂದೇ ರೀ."

"ಇಷ್ಟು ದಿನಕ್ಕ ಇವತ್ತ ಕೇಳಿದೆ ನೋಡು" ಎಂದಳು. ಬೈಯಲಿಲ್ಲ. ಬೈದಿದ್ದರೆ ಅಣಕಿಸುವುದಕ್ಕಾದರೂ ಏನಾದರೂ ಸಿಗುತ್ತಿತ್ತು. ಕೈಯ ಹಿಟ್ಟು ಒರೆಸಿಕೊಂಡು ಬೆರಳು ಮಡಿಚುತ್ತ ಹೇಳಿದಳು: "ಎಳ್ಳಮಾಸಿಗಿ ಹನ್ನೊಂದು ದಿನ ಅದ. ಆರ್ಡರಿನ ರೊಟ್ಟಿ ಬಡಿಯಾಕ ನಮಗ ಐದು ದಿನ ಬೇಕು, ಬಡದದ್ದು ಇಡಾಕ ಒಣಾ ಜಾಗ ಬೇಕು. ನಿನಗ ಆರು ದಿನ."

ಕಂಬದ ಬುಡದಿಂದ ಆಯಿ ಸೇರಿಸಿದಳು. "ಮಂಗ್ಯಾ ಬರಬಾರದಂತ ಕಿಂಡಿ ಮುಚ್ಚಿಸಿದ್ರು. ಮುಚ್ಚಾಕ ಬಂದಾಂವನ ದೊಡ್ಡ ಮಂಗ್ಯಾ."

ಕಾಕಾನಿಗೆ ಹೇಳುವುದು ಇನ್ನೂ ಕಷ್ಟದ ಕೆಲಸ. ಅವನ ಬಣ್ಣವನ್ನು ಒಡೆಯಬೇಕಿತ್ತು, ಜೊತೆಗೆ ಅವನ ಮಾತನ್ನೂ. ಹಚ್ಚಿದ ಮಾಳಿಗೆಯನ್ನು ನಾವೇ ಒಡೆದರೆ ಊರು ನಗುತ್ತದೆ ಎಂದ. ಊರು ನನ್ನನ್ನು ನೋಡಿ ದಿನಾ ನಗುತ್ತದೆ, ಅದಕ್ಕೇನು ಎಂದೆ. ಅವನನ್ನು ಕರೆದುಕೊಂಡು ಹೋಗಿ ಅಟ್ಟದ ಮೇಲೆ ಮಲಗಿಸಿ, ಬ್ಯಾಟರಿ ಅವನ ಕೈಗೇ ಕೊಟ್ಟೆ. ಬಹಳ ಹೊತ್ತು ಹನಿ ನೋಡಿದ. ಒಂದನ್ನು ಬೆರಳಿಗೆ ತೆಗೆದುಕೊಂಡು ನಾಲಗೆಗೆ ಹಚ್ಚಿದ. ಕೆಮ್ಮಿದ. ಉಗುಳಲು ಅಲ್ಲಿ ಜಾಗ ಇರಲಿಲ್ಲ.

"ನೀರು ಕೆಳಗಿಂದ ಮ್ಯಾಲ ಹೋಗ್ಯದಲ್ಲಲೇ" ಎಂದ, ಯಾರೋ ತನಗೆ ಮೋಸ ಮಾಡಿದ ಹಾಗೆ.

ಅಂದೇ ಶುರು ಮಾಡಿದೆವು. ಒಲೆಗಳನ್ನು ಹಿತ್ತಲಿಗೆ ಸಾಗಿಸಿದೆವು. ಅಡುಗೆಮನೆಯ ಕಡೆಯ ಬಯಲು ಅಂಚಿಗೆ ಒದ್ದೆ ಗೋಣಿತಟ್ಟು ಕಟ್ಟಿ, ಕಿಂಡಿಯ ಕೆಳಗೆ ತಾಡಪತ್ರಿ ಬಿಗಿದೆ. ಮೇಲೆ ಹತ್ತಿ ಉಳಿ ಸುತ್ತಿಗೆ ಹಿಡಿದೆ. ನನ್ನ ಕೆಲಸ ಎಷ್ಟು ಗಟ್ಟಿ ಎನ್ನುವುದು ಅಂದು ನನಗೆ ಗೊತ್ತಾಯಿತು. ನಾಲ್ಕು ಬೆರಳು ಕಾಂಕ್ರೀಟು ಅರ್ಧ ದಿನ ತಿಂದಿತು. ಅಂಗೈಯಲ್ಲಿ ಎರಡು ಬೊಕ್ಕೆ. ಅಕ್ಷರ ಇದ್ದ ತುಂಡು ಮಾತ್ರ ಒಡೆಯದೆ ಇಡಿಯಾಗಿ ಎದ್ದು ಬಂತು. ಕಾಕಾ ಅದನ್ನು ಎತ್ತಿ ನೋಡಿ ಪಕ್ಕಕ್ಕಿಟ್ಟ. ತಾಡಪತ್ರಿ ಬಿಚ್ಚಿದ ಕೂಡಲೆ ಬಿಸಿಲಿನ ಒಂದು ಚೌಕ ಅಟ್ಟ ದಾಟಿ ಅಡುಗೆಮನೆಯ ಗೋಡೆಗೆ ಬಿತ್ತು. ಆಯಿ ಅದನ್ನು ನೋಡಿ ಹೊತ್ತು ಎಷ್ಟೆಂದು ಹೇಳಿದಳು. ನಾನು ಮೊಬೈಲ್ ತೆಗೆದು ನೋಡಿದೆ. ಸರಿ ಇತ್ತು ಎಂದು ಮಾತ್ರ ಅವಳಿಗೆ ಹೇಳಲಿಲ್ಲ.

ಈ ಸಲ ಒಣ ಬೂಷ್ಟನ್ನು ಉಜ್ಜಲಿಲ್ಲ. ಮೂಗು ಬಾಯಿಗೆ ಬಟ್ಟೆ ಕಟ್ಟಿ, ಬಿಸಿನೀರಿಗೆ ಸೋಡಾ ಮತ್ತು ಸಾಬೂನು ಪುಡಿ ಹಾಕಿ, ಬಟ್ಟೆ ಅದ್ದಿ, ಗಟ್ಟಿಯಾಗಿ ಹಿಂಡಿ, ಒಂದೊಂದು ಜಂತಿಯನ್ನೂ ಒಂದೇ ದಿಕ್ಕಿಗೆ ಒರೆಸಿದೆ. ಒರೆಸಿದ ಬಟ್ಟೆ ಮತ್ತೆ ಆ ನೀರಿಗೆ ಅದ್ದದೆ ಬೇರೆ ಬಕೆಟ್ಟಿಗೆ. ಸುಣ್ಣದ ಅಡಿಯಲ್ಲಿ ಬೂಷ್ಟು ಬೆಚ್ಚಗೆ ಮಲಗಿತ್ತು; ನಾನೇ ಅದಕ್ಕೆ ಹೊದಿಸಿ ಬಂದಿದ್ದೆ. ಮೆತ್ತಗಾದ ಎರಡು ಹಲಗೆ ಕಿತ್ತು, ಬಡಿಗೇರರ ಹತ್ತಿರ ಬೇವಿನ ಹಲಗೆ ಕೊಯ್ಸಿ ತಂದು ಕೂರಿಸಿದೆ. ಮಂಡಿ ಸುಲಿದು ಹೋದವು. ಒರೆಸುವ ಕೆಲಸ ನಡೆದ ಎರಡು ದಿನವೂ ಅಣಕಿಸಲು ಬಾಯಿಯೇ ಸಿಗಲಿಲ್ಲ, ಬಟ್ಟೆ ಕಟ್ಟಿತ್ತಲ್ಲ. ಆ ಎರಡು ದಿನ ಮನೆ ಎಷ್ಟು ಶಾಂತವಾಗಿತ್ತು ಎಂದು ಆಯಿ ಈಗಲೂ ನೆನೆಸಿಕೊಳ್ಳುತ್ತಾಳೆ.

ಅತ್ತ ಕಾಕಾ ಕಿಂಡಿಯ ಸುತ್ತ ಮೊಣಕಾಲೆತ್ತರದ ಇಟ್ಟಿಗೆ ಕಟ್ಟೆ ಕಟ್ಟಿದ. ಮೇಲೆ ಶಹಾಬಾದಿ ಕಲ್ಲಿನ ಮುಚ್ಚಳ, ನಾಲ್ಕು ಮೂಲೆಗೆ ಇಟ್ಟಿಗೆಯ ಕಾಲು, ನಾಲ್ಕೂ ಕಡೆ ಗೇಣು ಬಯಲು. ಮಂಗನ ಕೈ ತೂರದ ಹಾಗೆ ದಪ್ಪ ಜಾಲಿ. ಮೇಲೆ ಹೋಗುವ ಗಾಳಿಗೆ ಕೆಳಗಿಂದ ಬರುವ ಗಾಳಿ ಬೇಕು ಎಂದು ಅಡುಗೆಮನೆಯ ಹಿಂದಿನ ಗೋಡೆಯಲ್ಲಿ ಯಾವತ್ತೋ ಮುಚ್ಚಿದ್ದ ಸಣ್ಣ ಗೂಡನ್ನೂ ಬಿಚ್ಚಿದೆವು. ಕಟ್ಟೆಯ ಗಿಲಾವು ಹಸಿಯಿದ್ದಾಗ ಕಾಕಾ ಒಂದು ಮೊಳೆ ತೆಗೆದು ನನ್ನ ಮುಂದೆ ಹಿಡಿದ. "ಬರಿ, ನಿನ್ನ ಅಕ್ಷರ." ಎಳ್ಳಮಾಸಿ ಆಗಲಿ ಎಂದೆ. ಅಷ್ಟರಲ್ಲಿ ಸಿಮೆಂಟು ಒಣಗುತ್ತದೆ ಎಂದ. ಒಣಗಲಿ ಎಂದೆ.

ಐದನೆಯ ದಿನ ಪರೀಕ್ಷೆ. ಹಳೆಯ ಜಾಗದಲ್ಲಿ ಮೂರು ಕಲ್ಲಿಟ್ಟು ಜಾಲಿಮರದ ಕಟ್ಟಿಗೆ ಹೊತ್ತಿಸಿದೆವು. ಹೊಗೆ ಹೋದರೆ ಹಬೆಯೂ ಹೋಗುತ್ತದೆ, ಜೊತೆಗೆ ಜಂತಿಯೂ ಒಣಗುತ್ತದೆ. ಹೊಗೆ ಚಂದವಾಗಿ ಏರಿತು, ಅಟ್ಟಕ್ಕೆ ಬಂತು, ಕಿಂಡಿಯ ಬಾಯಿಗೆ ಹೋಯಿತು, ಅಲ್ಲಿ ಯಾರೋ ಒದ್ದ ಹಾಗೆ ವಾಪಸ್ ಬಂತು. ಎಲ್ಲರೂ ಕಣ್ಣು ಒರೆಸುತ್ತ ಅಂಗಳಕ್ಕೆ ಓಡಿದೆವು. ನಾಲ್ಕೂ ಕಡೆ ಬಯಲು ಬಿಟ್ಟದ್ದೇ ತಪ್ಪಾಗಿತ್ತು. ಮೂಡಣದಿಂದ ಬೀಸುತ್ತಿದ್ದ ಚಳಿಗಾಳಿ ಜಾಲಿಯಿಂದ ನುಗ್ಗಿ ಹೊಗೆಯನ್ನು ಕೆಳಕ್ಕೆ ತಳ್ಳುತ್ತಿತ್ತು. ನನಗೆ ಅಳುವೇ ಬಂತು. ಹೊಗೆ ಇದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಆಯಿ ಮಾತ್ರ ಕಂಬದ ಬುಡದಿಂದ ಎದ್ದಿರಲಿಲ್ಲ. ಸೆರಗು ಮೂಗಿಗೆ ಹಿಡಿದು, ತಾನು ಸೊಸೆಯಾಗಿ ಬಂದಾಗ ಕಿಂಡಿ ಕಲ್ಲನ್ನು ಬಿದಿರಿನಿಂದ ಸರಿಸುವುದು ತನ್ನ ಕೆಲಸವಿತ್ತು ಎಂದಳು. ಚಳಿಗಾಲಕ್ಕೆ ಈ ಕಡೆ, ಮಳೆಗಾಲಕ್ಕೆ ಆ ಕಡೆ. ಗಾಳಿಗೆ ಬೆನ್ನು ಮಾಡಿ ಇಡಬೇಕು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನೀನು ಕೇಳಿದ್ದೆಲ್ಲಿ, ನಾನು ಬಾಯಿ ತೆರೆದರೆ ನೀನು ಅಣಕಿಸುತ್ತಿದ್ದೆ ಎಂದಳು. ನಾನು ತಗಡು ಹುಡುಕಲು ಹೊರಟೆ.

ತಗಡಿನ ನಾಲ್ಕು ರೆಕ್ಕೆ ಕತ್ತರಿಸಿ, ಬಿಜಾಗ್ರಿ ಹಾಕಿ, ಕಟ್ಟೆಯ ನಾಲ್ಕೂ ಕಡೆ ಕೂರಿಸಿದೆ. ಪ್ರತಿಯೊಂದಕ್ಕೂ ಒಂದು ಹಗ್ಗ, ಅಡುಗೆಮನೆಯ ಗೋಡೆಗೆ ಇಳಿಬಿಟ್ಟು. ಯಾವ ಹಗ್ಗ ಎಳೆದರೆ ಯಾವ ದಿಕ್ಕು ಮುಚ್ಚುತ್ತದೆ ಎಂದು ಆಯಿಗೆ ಒಂದೇ ಸಲ ತೋರಿಸಿದೆ. ಅವಳು ಮೂಡಣದ ಹಗ್ಗ ಎಳೆದಳು. ಹೊಗೆ ಒಂದು ಗಳಿಗೆ ತಡವರಿಸಿತು. ಆಮೇಲೆ ದಾರಿ ನೆನಪಾದ ಹಾಗೆ ಸರ್ರನೆ ಮೇಲಕ್ಕೆ ಹೋಯಿತು. ನಾನು ಅಂಗಳಕ್ಕೆ ಓಡಿ ಮಾಳಿಗೆ ನೋಡಿದೆ. ಕಲ್ಲಿನ ಮುಚ್ಚಳದ ಪಡುವಣ ಕಡೆಯಿಂದ ನೀಲಿ ಹೊಗೆ ಹೊರಟಿತ್ತು. ಎಷ್ಟೋ ಗೋಡೆಗೆ ಬಣ್ಣ ಹಚ್ಚಿದ್ದೇನೆ, ಅಂಥ ಬಣ್ಣ ಹಚ್ಚಿಲ್ಲ.

ಆ ರಾತ್ರಿ ಪೂರ್ತಿ ಬೆಂಕಿ ಉರಿಸಿ ಜಂತಿ ಒಣಗಿಸಿದೆವು. ಆರನೆಯ ದಿನ ಗ್ಯಾಸಿನ ಒಲೆಗಳು ಒಳಗೆ ಬಂದವು. ಮತ್ತೆ ನಾಲ್ಕು ಪ್ಲಾಸ್ಟಿಕ್ ಚೌಕ, ಮತ್ತೆ ಒಂದು ತಟ್ಟೆ ಉಪ್ಪು. ಮರುದಿನ ಬೆಳಗ್ಗೆ ರೊಟ್ಟಿ ಬಡಿಯುವ ಸದ್ದು ಜೋರಾಗಿ ನಡೆದಿದ್ದಾಗ ಅಕ್ಕನೇ ಅಟ್ಟ ಹತ್ತಿದಳು. ನಾನು ಏಣಿ ಹಿಡಿದು ನಿಂತೆ. ಅವಳು ಕೆಳಗಿಳಿದು ನನ್ನ ಅಂಗೈ ಬಿಡಿಸಿ ಉಪ್ಪು ಸುರಿದಳು. ಬೆರಳ ಸಂದಿಯಿಂದ ಮರಳಿನ ಹಾಗೆ ಜಾರಿತು. ಬೊಕ್ಕೆ ಒಡೆದ ಕೈ, ಉರಿಯಿತು. ಅಷ್ಟು ಸಂತೋಷದ ಉರಿ ನಾನು ಕಂಡಿಲ್ಲ.

ಐದು ದಿನ ಬುಟ್ಟಿಗಳು ಒಂದೊಂದೇ ಮೇಲೇರಿದವು. ಎಳ್ಳಮಾಸಿಯ ಹಿಂದಿನ ದಿನ ಸಾಹುಕಾರ ತಾನೇ ಗಾಡಿ ತೆಗೆದುಕೊಂಡು ಬಂದ. ಬಸ್ಸಿಗೆ ಕಳಿಸಿ ಎಂದು ಹೇಳಲಿಲ್ಲ, ನೋಡಿಯೇ ಒಯ್ಯಬೇಕೆಂದು ಬಂದಿದ್ದ. ಅಕ್ಕ ಮೊದಲ ದಿನದ ಬುಟ್ಟಿಯನ್ನೇ ಇಳಿಸಿದಳು, ಅದರಲ್ಲೂ ಅಡಿಯ ರೊಟ್ಟಿಯನ್ನೇ ಎಳೆದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹುಣ್ಣಿಮೆ ಚಂದ್ರನ ಹಾಗೆ ದುಂಡಗೆ. ಅವಳು ಅದನ್ನು ಬೆಳಕಿಗೆ ಹಿಡಿಯಲಿಲ್ಲ, ಮೂಸಲಿಲ್ಲ. ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಮುರಿದಳು.

ಕಟಕ್.

ಆ ಸದ್ದನ್ನು ನಾನು ಆಮೇಲೆ ಎಷ್ಟೋ ಸಲ ಬಾಯಲ್ಲಿ ಮಾಡಲು ನೋಡಿದ್ದೇನೆ. ಬರುವುದಿಲ್ಲ. ಸಾಹುಕಾರ ಆ ತುಂಡನ್ನು ಬಾಯಿಗೆ ಹಾಕಿಕೊಂಡು, ಅಗಿದು, ಗಾಡಿಯ ಹಿಂದಿನ ಬಾಗಿಲು ತೆಗೆಯಲು ಹೋದ. ಎಲ್ಲ ಬುಟ್ಟಿಯೂ ಹೋದವು. ಸಂಕ್ರಾಂತಿಯ ಭೋಗಿಗೂ ಇಷ್ಟೇ ಬೇಕು ಎಂದು ಗಾಡಿ ಹೊರಡುವಾಗ ಹೇಳಿದ.

ಕಟ್ಟೆಯ ಸಿಮೆಂಟು ಒಣಗಿತ್ತು. ಅದರ ಮೇಲೆ ಇವತ್ತಿಗೂ ಯಾರ ಅಕ್ಷರವೂ ಇಲ್ಲ. ಕಿತ್ತ ತುಂಡನ್ನು ಆಯಿ ಹಿತ್ತಲಿನಿಂದ ತರಿಸಿ, ಏಣಿಯ ಬುಡ ಜಾರದ ಹಾಗೆ ಒತ್ತು ಕೊಟ್ಟು ಇಡಿಸಿದ್ದಾಳೆ, ಅಕ್ಷರ ಮೇಲೆ ಮಾಡಿ. ಮೊನ್ನೆ ಓಣಿಗೆ ಹೊಸದಾಗಿ ಬಂದ ಹೆಂಗಸೊಬ್ಬಳು ರೊಟ್ಟಿಗೆ ಬಂದವಳು ಅದೇನು ಅಕ್ಷರ ಎಂದು ಕೇಳಿದಳು. ನಾನು ಅಲ್ಲೇ ಗೋಡೆಗೆ ಸುಣ್ಣ ಬಳಿಯುತ್ತಿದ್ದೆ. ಆಯಿ ಕಂಬ ಹಿಡಿದು ಎದ್ದಳು. ಸೊಂಟಕ್ಕೆ ಕೈಯಿಟ್ಟಳು. ಎದೆ ಮುಂದೆ ಮಾಡಿದಳು. ಅವಳ ಬಾಯಿಂದ ನನ್ನ ದನಿ ಬಂತು.

"ಇನ್ನ ಮಂಗ್ಯಾ ಅಲ್ಲ, ಇರುವಿ ಸುದ್ದಾ ಒಳಗ ಬರಂಗಿಲ್ರೀ ಅಕ್ಕಾರ."

ಮೂವರು ಹೆಂಗಸರ ಕೈಯ ಹಿಟ್ಟು ಕೆಳಗೆ ಬಿತ್ತು. ಅಕ್ಕ ಒಲೆ ಸಣ್ಣ ಮಾಡಿ ನಕ್ಕಳು. ಆ 'ರೀ'ಯನ್ನು ನಾನು ಎಳೆಯುವ ಉದ್ದ, ಕೊನೆಗೆ ಗದ್ದ ಎತ್ತುವುದು, ಒಂದೂ ಬಿಟ್ಟಿರಲಿಲ್ಲ. ನಾನು ಬ್ರಷ್ಷು ಕೆಳಗಿಟ್ಟು, "ಇನ್ನೊಮ್ಮಿ ಅನ್ರಿ ಆಯಿ" ಎಂದೆ.

ಅಂದಳು. ಎರಡನೆಯ ಸಲ ಇನ್ನೂ ಚೆನ್ನಾಗಿ ಬಂತು.